ಓದುಗರ ಪ್ರಶ್ನೆ: ಹಿತ್ತಿಲಾಚೆಯ ಗ್ರೀನ್ ಬೆಲ್ಟ್‌ನಲ್ಲಿ ಬಡಾವಣೆ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ಹಿತ್ತಿಲಿಗೆ ತಾಗಿದ ಹೊಲ ಗ್ರೀನ್ ಬೆಲ್ಟ್‌ಗೆ, ಅಂದರೆ ಊರುಗಳು ಹರಡದಂತೆ ಕಟ್ಟಡವಿಲ್ಲದೆ ಉಳಿಸಿಕೊಳ್ಳಲು ಗೊತ್ತುಪಡಿಸಿದ ಬಯಲಿಗೆ, ಸೇರಿದ್ದು. ಅಲ್ಲಿ 120 ಮನೆ ಕಟ್ಟಲು ಬಿಲ್ಡರೊಬ್ಬರು ಕೌನ್ಸಿಲ್‌ಗೆ ಔಟ್‌ಲೈನ್ ಅರ್ಜಿ (ವಿವರಗಳನ್ನು ಮುಂದಕ್ಕಿಟ್ಟು ತತ್ವಶಃ ಒಪ್ಪಿಗೆ ಕೇಳುವ ಅರ್ಜಿ) ಹಾಕಿದ್ದಾರೆ. ನೆರೆಹೊರೆಯವರು ಒಂದೇ ಒಕ್ಕಣೆಯ ಆಕ್ಷೇಪಣಾ ಪತ್ರಕ್ಕೆ ಎಲ್ಲರ ಸಹಿ ಹಾಕಿಸುತ್ತಿದ್ದಾರೆ. ಕಿಟಕಿಯ ನೋಟ ಹೋಗುತ್ತದೆ, ಮನೆಯ ಬೆಲೆ ಇಳಿಯುತ್ತದೆ, ಹಳ್ಳಿ ಪಕ್ಕದ ಹಳ್ಳಿಗೆ ಕೂಡಿಕೊಳ್ಳುತ್ತದೆ ಎಂಬುದು ಅದರ ಸಾರ. ಇಷ್ಟು ಸಾಕೇ?

ಉತ್ತರ: ಸಾಲದು. ಮೊದಲಿನ ಎರಡು ಅಂಶಗಳನ್ನು ಹೊಡೆದುಹಾಕಿ. ಬೆಲೆ, ಖಾಸಗಿ ನೋಟ ಎರಡೂ ಪ್ಲಾನಿಂಗ್ (ಕಟ್ಟಲು ಅನುಮತಿ ಕೊಡುವ) ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದರಲ್ಲಿ ಹುರುಳಿದೆ, ಆದರೆ ಹೀಗೆ ಬರೆದರೆ ಅದೂ ಬಿದ್ದುಹೋಗುತ್ತದೆ.

ಕಾರಣ, 2024ರ ಡಿಸೆಂಬರಿನಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಪ್ಲಾನಿಂಗ್ ನೀತಿ ತಂದ ‘ಗ್ರೇ ಬೆಲ್ಟ್’. ಗ್ರೀನ್ ಬೆಲ್ಟ್‌ಗೆ ಐದು ಉದ್ದೇಶಗಳಿವೆ. ಅವುಗಳಲ್ಲಿ ಮೂರಕ್ಕೆ, ಅಂದರೆ ದೊಡ್ಡ ನಗರ ಹರಡದಂತೆ ತಡೆಯುವುದು, ಪಟ್ಟಣಗಳು ಒಂದಕ್ಕೊಂದು ಕೂಡದಂತೆ ನೋಡಿಕೊಳ್ಳುವುದು, ಐತಿಹಾಸಿಕ ಪಟ್ಟಣದ ಸುತ್ತಲಿನ ಚಹರೆ ಉಳಿಸುವುದು, ಇವುಗಳಲ್ಲಿ ಯಾವುದಕ್ಕೂ ‘ಬಲವಾಗಿ’ ನೆರವಾಗದ ಜಾಗ ಗ್ರೇ ಬೆಲ್ಟ್ ಎನಿಸಿಕೊಳ್ಳಬಹುದು. ಅಲ್ಲಿ ಮನೆಗಳ ಕೊರತೆಯಿದ್ದು, ಓಡಾಟಕ್ಕೆ ಅನುಕೂಲದ ಜಾಗವಾಗಿದ್ದು, ಕೈಗೆಟುಕುವ ಬೆಲೆಯ ಮನೆಗಳ ಹೆಚ್ಚುವರಿ ಪಾಲು ಮುಂತಾದ ಷರತ್ತುಗಳನ್ನು ಬಿಲ್ಡರ್ ಒಪ್ಪಿದರೆ ಯೋಜನೆ ‘ಅನುಚಿತ’ (ಗ್ರೀನ್ ಬೆಲ್ಟ್‌ನಲ್ಲಿ ಸಾಮಾನ್ಯವಾಗಿ ಒಪ್ಪದ ಬಗೆಯದು) ಎನಿಸುವುದಿಲ್ಲ, ಉಳಿದ ಗ್ರೀನ್ ಬೆಲ್ಟ್‌ನ ಬುಡಕ್ಕೇ ಪೆಟ್ಟು ಬೀಳಬಾರದು, ಅಷ್ಟೇ. ಗ್ರೇ ಬೆಲ್ಟ್ ಅಲ್ಲವೆಂದಾದರೆ ‘ಅತಿ ವಿಶೇಷ ಸಂದರ್ಭ’ವಿದೆಯೆಂದು ಸಾಧಿಸುವ ಭಾರ ಬಿಲ್ಡರ್ ತಲೆಯ ಮೇಲೆ. ಆದ್ದರಿಂದ ಪತ್ರದ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಗೇ ಮೀಸಲಿರಲಿ.

ಈಗ ನಿಮ್ಮ ಮೂರನೆಯ ಅಂಶ. 2025ರ ಫೆಬ್ರವರಿಯ ಸರ್ಕಾರಿ ಮಾರ್ಗಸೂಚಿಯ ಪ್ರಕಾರ ‘ಕೂಡಿಕೊಳ್ಳುವುದು’ ಪಟ್ಟಣಗಳ ಮಾತು, ಹಳ್ಳಿಗಳದಲ್ಲ. ಸಾವಿರಾರು ಪತ್ರಗಳು ಎಡವುವುದು ಇಲ್ಲೇ. ನಕ್ಷೆ ಹರಡಿಕೊಂಡು ಹತ್ತಿರದ ಎರಡು ಪಟ್ಟಣಗಳ ನಡುವಿನ ಅಂತರ ಅಳೆಯಿರಿ. ಆ ಅಂತರದಲ್ಲಿ ಈ ಹೊಲ ಎಷ್ಟನ್ನು ತುಂಬುತ್ತದೆ, ನಡುವೆ ರೈಲು ಹಳಿ, ನದಿ, ಕಾಡಿನಂಥ ಗಟ್ಟಿ ಗಡಿ ಇದೆಯೇ, ಬರೆಯಿರಿ. ಕೌನ್ಸಿಲ್ ತನ್ನ ಲೋಕಲ್ ಪ್ಲಾನ್‌ಗಾಗಿ (ಎಲ್ಲಿ ಏನು ಕಟ್ಟಬಹುದೆಂಬ ಸ್ಥಳೀಯ ಯೋಜನೆಗಾಗಿ) ಮಾಡಿಸಿದ ಗ್ರೀನ್ ಬೆಲ್ಟ್ ಸಮೀಕ್ಷೆ ವೆಬ್‌ಸೈಟಿನಲ್ಲಿರುತ್ತದೆ. ನಿಮ್ಮ ಹೊಲದ ತುಂಡಿಗೆ ಅದರಲ್ಲಿ ‘ಬಲವಾದ’ ಎಂಬ ಅಂಕ ಸಿಕ್ಕಿದ್ದರೆ ಪುಟಸಂಖ್ಯೆ ಸಮೇತ ಉಲ್ಲೇಖಿಸಿ. ಕೌನ್ಸಿಲ್‌ನದೇ ಮಾತನ್ನು ಕೌನ್ಸಿಲ್‌ಗೆ ನೆನಪಿಸುವುದಕ್ಕಿಂತ ಹರಿತವಾದ ಅಸ್ತ್ರ ಇನ್ನೊಂದಿಲ್ಲ.

ಉಳಿದ ಕಾಲು ಭಾಗಕ್ಕೆ ಅರ್ಜಿಯ ಜೊತೆಗಿರುವ ವರದಿಗಳನ್ನು ಜಾಲಾಡಿ. ಬಾವಲಿ ಸಮೀಕ್ಷೆ ಮೇನಿಂದ ಸೆಪ್ಟೆಂಬರ್‌ವರೆಗಿನ ಹಂಗಾಮಿನಲ್ಲಿ ನಡೆದಿದೆಯೇ, ಚಳಿಗಾಲದ ಒಂದೇ ಭೇಟಿಯಲ್ಲಿ ಮುಗಿಸಿದ್ದಾರೆಯೇ? ಜೀವವೈವಿಧ್ಯ ಶೇ. 10ರಷ್ಟು ಹೆಚ್ಚಬೇಕೆಂಬ ಲೆಕ್ಕ ಸರಿಯಿದೆಯೇ? ಹೊಲದಲ್ಲಿ ಮಳೆನೀರು ನಿಲ್ಲುವುದಾದರೆ ತಾರೀಖಿರುವ ಫೋಟೊ ಲಗತ್ತಿಸಿ. ರಸ್ತೆಯ ವಿಷಯದಲ್ಲಿ ‘ಟ್ರಾಫಿಕ್ ಜಾಸ್ತಿ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ಸುರಕ್ಷತೆಗೆ ಧಕ್ಕೆ, ಇಲ್ಲವೇ ದಟ್ಟಣೆಯ ಪರಿಣಾಮ ‘ತೀವ್ರ’ ಎಂಬುದನ್ನು ತೋರಿಸಬೇಕು. ಶಾಲೆ, ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ ಸಾಲದೆಂಬ ವಾದದ ಬಾಯಿಯನ್ನು ಬಿಲ್ಡರುಗಳು ಸೆಕ್ಷನ್ 106 ಒಪ್ಪಂದದ, ಅಂದರೆ ಸ್ಥಳೀಯ ಸೌಕರ್ಯಗಳಿಗೆಂದು ಕೌನ್ಸಿಲ್‌ಗೆ ಕೊಡಲೊಪ್ಪುವ, ಹಣದಿಂದ ಸಲೀಸಾಗಿ ಮುಚ್ಚಿಸುತ್ತಾರೆ; ಅದನ್ನೇ ನೆಚ್ಚಬೇಡಿ. ಕಿಟಕಿ, ಹೆಂಚಿನ ಬಣ್ಣದ ಜಗಳವೂ ಈಗ ಬೇಡ. ಔಟ್‌ಲೈನ್ ಹಂತದಲ್ಲಿ ತೀರ್ಮಾನವಾಗುವುದು ಇಲ್ಲಿ ಕಟ್ಟಬಹುದೇ ಎಂಬುದು, ಮತ್ತು ಸಾಮಾನ್ಯವಾಗಿ ದಾರಿ ಎಲ್ಲಿ ಎಂಬುದು.

ಒಂದೇ ಒಕ್ಕಣೆಯ ಇನ್ನೂರು ಪ್ರತಿಗಿಂತ ಬೇರೆ ಬೇರೆ ವಿಷಯ ಹಿಡಿದ ಹತ್ತು ಪತ್ರಗಳೇ ಮೇಲು. ಅರ್ಜಿ ಸಂಖ್ಯೆ, ಹೆಸರು, ವಿಳಾಸ ಇರಲಿ. ಅನಾಮಧೇಯ ಪತ್ರಕ್ಕೆ ಬೆಲೆಯಿಲ್ಲ. ಆಕ್ಷೇಪಣೆ ಸಲ್ಲಿಸುವ ಅವಧಿ ಸಾಮಾನ್ಯವಾಗಿ 21 ದಿನ. ಅಷ್ಟರೊಳಗೆ ನಿಮ್ಮ ವಾರ್ಡಿನ ಕೌನ್ಸಿಲರ್‌ರನ್ನು ಕಂಡು, ಅಧಿಕಾರಿಯ ಮಟ್ಟದಲ್ಲೇ ಮುಗಿಸದೆ ಪ್ಲಾನಿಂಗ್ ಕಮಿಟಿಗೆ ತರಿಸುವಂತೆ ಕೇಳಿಕೊಳ್ಳಿ. ಕಮಿಟಿಯಲ್ಲಿ ಮಾತಾಡಲು ಮೊದಲೇ ಹೆಸರು ಕೊಡಬೇಕು. ಸಿಗುವುದು ಬಹಳ ಕಡೆ ಮೂರೇ ನಿಮಿಷ.

ಪ್ರಶ್ನೆ: ಅನುಮತಿ ಸಿಕ್ಕಿಬಿಟ್ಟರೆ ನಾವು ಅಪೀಲು ಹೋಗಬಹುದೇ?

ಉತ್ತರ: ಇಲ್ಲ. ಅಪೀಲಿನ ಹಕ್ಕು ಅರ್ಜಿದಾರರಿಗೆ ಮಾತ್ರ. ಕೌನ್ಸಿಲ್ ನಿರಾಕರಿಸಿ ಬಿಲ್ಡರ್ ಅಪೀಲು ಹೋದರೆ ನಿಮ್ಮ ಪತ್ರವೂ ಅಪೀಲು ತೀರ್ಮಾನಿಸುವ ಪ್ಲಾನಿಂಗ್ ಇನ್‌ಸ್ಪೆಕ್ಟರ್ ಕೈಸೇರುತ್ತದೆ. ಆ ಹೊಲವನ್ನು ಎಂದೂ ನೋಡಿರದವರಿಗೂ ಅರ್ಥವಾಗುವಂತೆ ಬರೆದಿದ್ದರೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಅನುಮತಿಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಆರು ವಾರ ಗಡುವು. ಕೋರ್ಟು ನೋಡುವುದು ಕಾನೂನಿನ ತಪ್ಪನ್ನಷ್ಟೇ, ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನಲ್ಲ. ಪರಿಸರ ಸಂಬಂಧಿ ದಾವೆಯೆಂದು ಪರಿಗಣಿತವಾದರೆ, ಸೋತ ವ್ಯಕ್ತಿ ಎದುರು ಪಕ್ಷಕ್ಕೆ ತೆರಬೇಕಾದ ವೆಚ್ಚದ ಮಿತಿ ಸಾಮಾನ್ಯವಾಗಿ 5,000 ಪೌಂಡ್. ನಿಮ್ಮ ವಕೀಲರ ಶುಲ್ಕ ಅದಕ್ಕೆ ಸೇರಿಲ್ಲ.