ಹಾಲು ಇಳಿಯುತ್ತದೆ, ಅನ್ನ ಮಾತ್ರ ಸಿಕ್ಕಿಕೊಳ್ಳುತ್ತದೆ

ಅನ್ನನಾಳ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿರಬಹುದು. 9 ತಿಂಗಳ ಮಗುವಿಗೆ ಹಾಲು ಸಲೀಸು, ಮಿದ್ದ ಅನ್ನ ಕೊಟ್ಟರೆ ಮಾತ್ರ ಹಾಗೇ ವಾಪಸ್ ಅಂದಿದ್ದೀರಲ್ವಾ, ನನ್ನ ಮಗಳಿಗೂ ಹೀಗೇ ಶುರುವಾಗಿತ್ತು. ಬರೀ ಹೊಟ್ಟೆಯ ಆಸಿಡ್ ಮೇಲೆ ಬರುವ ತೊಂದರೆಯಾದರೆ ಸಾಮಾನ್ಯವಾಗಿ ಹಾಲೂ ಕಕ್ಕುತ್ತದೆ. ಆದರೆ ಆಸಿಡ್‌ನಿಂದ ಆದ ಗಾಯ, ಅಕಲೇಸಿಯಾ (ಅನ್ನನಾಳದ ಕೆಳತುದಿಯ ಸ್ನಾಯು ಸರಿಯಾಗಿ ಸಡಿಲವಾಗದ ಕಾಯಿಲೆ) ಕೂಡ ಹೀಗೇ ಕಾಣಬಹುದು. ಪರೀಕ್ಷೆ ಇಲ್ಲದೆ ಹೇಳಲಾಗದು.

ಮಕ್ಕಳ ಸರ್ಜನ್ ಅಥವಾ ಮಕ್ಕಳ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಹೋಗಿ. ಮೊದಲು ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ, ಎಲ್ಲಿ ಕಿರಿದಾಗಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವುದು. ಆಗ ಒಂದು ಪ್ರಶ್ನೆ ಕೇಳಲೇಬೇಕು: ಅನ್ನನಾಳದ ಗೋಡೆಯಲ್ಲಿ ಮೃದ್ವಸ್ಥಿ (ಕಿವಿಯಲ್ಲಿರುವಂಥ ಮೆದು ಮೂಳೆ) ಇದೆಯಾ? ಕೆಲವು ಮಕ್ಕಳಲ್ಲಿ ಶ್ವಾಸನಾಳದ ಚೂರು ಅಲ್ಲಿ ಉಳಿದುಕೊಂಡಿರುತ್ತದೆ, ಅದು ಸುಲಭಕ್ಕೆ ಹಿಗ್ಗುವುದಿಲ್ಲ. ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಕಾಣಬಹುದು, ಆದರೆ ಆ ಸೌಲಭ್ಯ ಎಲ್ಲ ಕಡೆ ಇರಲ್ಲ.

ಕಿರಿದಾಗಲು ಕಾರಣ ತೆಳು ಪರದೆ ಅಥವಾ ದಪ್ಪಗಾದ ಸ್ನಾಯು ಆದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಒಂದೇ ಸಲಕ್ಕೆ ಮುಗಿಯುತ್ತದೆ ಅಂದುಕೊಳ್ಳಬೇಡಿ, ನಮಗೆ 3 ಸಲ ಬೇಕಾಯಿತು. ಹಿಗ್ಗಿಸುವಾಗ ಅನ್ನನಾಳ ಹರಿದುಹೋಗುವ ಅಪಾಯವೂ ಇದೆ. ಮನೆಗೆ ಬಂದ ಮೇಲೆ ಜ್ವರ, ಏದುಸಿರು ಕಂಡರೆ ತಕ್ಷಣ ವಾಪಸ್ ಹೋಗಿ. ಮೃದ್ವಸ್ಥಿ ಇದ್ದರೆ ಸಾಮಾನ್ಯವಾಗಿ ಆ ಭಾಗ ಕತ್ತರಿಸಿ ಜೋಡಿಸುವ ಆಪರೇಷನ್ನೇ.

ಅಲ್ಲಿಯವರೆಗೆ ಹಾಲು, ಚೆನ್ನಾಗಿ ಸೋಸಿದ ತೆಳು ರಾಗಿ ಸರಿ ಸಾಕು. ಅನ್ನ ಸಿಕ್ಕಿಕೊಂಡರೆ ನೀರು ಕುಡಿಸಿ ತಳ್ಳಬೇಡಿ (ಅಜ್ಜಿಯರು ಬೈದರೂ ಸರಿ). ಜೊಲ್ಲೂ ನುಂಗಲಾಗದಿದ್ದರೆ, ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ ಹೋಗಿ. ತೂಕದ ಚೀಟಿ, ವಾಂತಿಯ ಒಂದು ವಿಡಿಯೋ ಜೊತೆಗಿರಲಿ.