ಓದುಗರ ಪ್ರಶ್ನೆ: ದೊಡ್ಡ ಕಡತಕ್ಕೆ ವೇಗ, ಸಣ್ಣ ಕಡತಗಳಿಗೆ ವಿಳಂಬ

ಪ್ರಶ್ನೆ: ನಮ್ಮ ಕಚೇರಿಯ ಒಂದು ಲಿನಕ್ಸ್ ಸರ್ವರ್‌ನಲ್ಲಿರುವ ಹಾರ್ಡ್ ಡಿಸ್ಕ್‌ಗಳನ್ನು ಎನ್‌ಎಫ್‌ಎಸ್ ಎಂಬ ಜಾಲ ಕಡತ ವ್ಯವಸ್ಥೆಯ ಮೂಲಕ ಇನ್ನೊಂದು ಸರ್ವರ್ ಬಳಸುತ್ತದೆ. ನಡುವಿನ ಜಾಲ ಒಂದು ಗಿಗಾಬಿಟ್‌ನದು. 4 ಜಿಬಿ ಕಡತವನ್ನು ಬರೆದು, ದತ್ತಾಂಶ ನಕಲಿಸುವ ಡಿಡಿ ಆಜ್ಞೆಯಿಂದ ಮರಳಿ ಓದಿಸಿದಾಗ ಸೆಕೆಂಡಿಗೆ 1.8 ಜಿಬಿ ವೇಗ ತೋರಿಸಿತು. ಆದರೆ ತಲಾ 20 ಕೆಬಿಯ 20,000 ಕಡತಗಳನ್ನು ನಕಲು ಮಾಡಲು ಹದಿನೈದು ನಿಮಿಷ ಬೇಕಾಗುತ್ತಿದೆ. ದೋಷ ಎಲ್ಲಿದೆ?

ಉತ್ತರ: ಮೊದಲು ಆ 1.8 ಜಿಬಿಯನ್ನು ಪಕ್ಕಕ್ಕಿಡಿ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 125 ಎಂಬಿಗಿಂತ ಹೆಚ್ಚು ಹರಿಯುವಂತೆಯೇ ಇಲ್ಲ. ಪ್ರತಿ ತುಣುಕಿಗೂ ಅಂಟಿ ಬರುವ ವಿಳಾಸ ಮುಂತಾದ ಹೆಡರ್‌ಗಳ ಪಾಲು ಕಳೆದರೆ ಕೈಗೆ ಸಿಗುವುದು ಸುಮಾರು 117. ಆಗಷ್ಟೇ ಬರೆದ ಕಡತ ಕ್ಲೈಂಟ್ (ಡಿಸ್ಕನ್ನು ಜಾಲದ ಮೂಲಕ ಬಳಸುವ) ಯಂತ್ರದ ರ‍್ಯಾಮ್‌ನಲ್ಲಿ ಉಳಿದಿದ್ದರಿಂದ ಡಿಡಿ ಅದನ್ನು ಅಲ್ಲಿಂದಲೇ ಓದಿಕೊಂಡಿದೆ. ಎರಡು ಯಂತ್ರಗಳಲ್ಲಿ ಯಾವುದರ ರ‍್ಯಾಮ್ ದೊಡ್ಡದೋ ಅದರ ಎರಡು ಪಟ್ಟು ಗಾತ್ರದ ಕಡತವನ್ನಿಟ್ಟುಕೊಂಡು ಪರೀಕ್ಷಿಸಿದರೆ ಈ ಭ್ರಮೆ ತಪ್ಪುತ್ತದೆ. ಡಿಸ್ಕ್ ವೇಗ ಅಳೆಯುವ ಫಿಯೊ ಉಪಕರಣದ ಡೈರೆಕ್ಟ್ ಆಯ್ಕೆ ಕ್ಲೈಂಟ್‌ನ ಕ್ಯಾಶನ್ನು (ನೆನಪಿನಲ್ಲಿ ಉಳಿದ ಪ್ರತಿಯನ್ನು) ಮಾತ್ರ ಬದಿಗಿಡುತ್ತದೆ, ಸರ್ವರ್‌ನ ಕ್ಯಾಶ್ ಹಾಗೆಯೇ ಉಳಿಯುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಬರೀ ಸೊನ್ನೆಗಳಿಂದ ತುಂಬಿದ ಕಡತವೂ ಬೇಡ. ಸರ್ವರ್‌ನ ಕಡತ ವ್ಯವಸ್ಥೆ ದತ್ತಾಂಶವನ್ನು ಸಂಕುಚಿಸುವಂಥದ್ದಾದರೆ ಸೊನ್ನೆಗಳು ಡಿಸ್ಕನ್ನು ಮುಟ್ಟುವುದೇ ಇಲ್ಲ.

ಅಳೆಯುವಾಗ ಪದರ ಪದರವಾಗಿ ಅಳೆಯಿರಿ. ಜಾಲದ ವೇಗ ಅಳೆಯುವ ಐಪರ್ಫ್3 ಬಳಸಿ ಜಾಲವೊಂದನ್ನೇ ನೋಡಿದರೆ ಸುಮಾರು 940 ಮೆಗಾಬಿಟ್ ಬರಬೇಕು. 94 ಬಂದರೆ ಕೇಬಲ್ಲಿನ ದೋಷದಿಂದ ಸಂಪರ್ಕವು 100 ಮೆಗಾಬಿಟ್‌ಗೆ ಇಳಿದಿರಬಹುದು. ಬಳಿಕ ಸರ್ವರ್‌ನಲ್ಲಿಯೇ ಕುಳಿತು ಫಿಯೊದಿಂದ ಡಿಸ್ಕನ್ನು, ಕೊನೆಗೆ ಅದೇ ಪರೀಕ್ಷೆಯನ್ನು ಎನ್‌ಎಫ್‌ಎಸ್ ಮೂಲಕ ಅಳೆಯಿರಿ.

ಇನ್ನು ನಿಮ್ಮ ಸಣ್ಣ ಕಡತಗಳು. ಒಟ್ಟು 400 ಎಂಬಿ ದತ್ತಾಂಶ ಜಾಲವನ್ನು ದಾಟಲು ನಾಲ್ಕು ಸೆಕೆಂಡು ಸಾಕು. ನಿಮಗೆ ಹಿಡಿದದ್ದು 900 ಸೆಕೆಂಡು, ಅಂದರೆ ಕಡತವೊಂದಕ್ಕೆ 45 ಮಿಲಿಸೆಕೆಂಡು. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡು ಬೇಕು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಪ್ರತಿ ಕಡತವೂ ಐದಾರು ಸುತ್ತುಗಳಷ್ಟು ಕಾಯುತ್ತಿದೆ ಎಂದು ತಿಳಿಯುತ್ತದೆ. 1995ರಲ್ಲಿ ಬಂದ ಎನ್‌ಎಫ್‌ಎಸ್ ಮೂರನೆಯ ಆವೃತ್ತಿಯು ದತ್ತಾಂಶವನ್ನು ಮೊದಲು ಸರ್ವರ್‌ನ ನೆನಪಿನಲ್ಲಿರಿಸಿ, ಆಮೇಲೆ ಒಂದೇ ಸಲ ಡಿಸ್ಕ್‌ಗೆ ಖಾತರಿಪಡಿಸುವ ಅವಕಾಶ ನೀಡಿದ್ದರಿಂದ ದೊಡ್ಡ ಕಡತಗಳು ಸಲೀಸಾಗಿ ಸಾಗುತ್ತವೆ. ಹೊಸ ಕಡತದ ಸೃಷ್ಟಿಯಾದರೋ ಡಿಸ್ಕ್‌ನಲ್ಲಿ ನೆಲೆಗೊಂಡ ಮೇಲೆಯೇ ಉತ್ತರ ಬರಬೇಕು. ಇಲ್ಲಿ ಕಾಲ ಕಳೆಯುತ್ತಿರುವುದು ಕಾಯುವಿಕೆಯಲ್ಲಿ. ಹತ್ತು ಗಿಗಾಬಿಟ್ ಕಾರ್ಡ್ ಕೊಂಡರೂ ಹದಿನೈದು ನಿಮಿಷ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಸರ್ವರ್‌ನ ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ (ಹಂಚುವ ಕಡತಕೋಶಗಳ ಪಟ್ಟಿ) ಅಸಿಂಕ್ ಎಂದು ಬರೆದರೆ ಕೆಲಸ ಥಟ್ಟನೆ ವೇಗ ಪಡೆಯುತ್ತದೆಂದು ನಿಮಗೆ ಯಾರಾದರೂ ಹೇಳಿಯಾರು. ಅದು ನಿಜ, ಆದರೆ ಆಗ ಸರ್ವರ್ ಇನ್ನೂ ಬರೆಯದಿರುವುದನ್ನು ಬರೆದಾಯಿತು ಎನ್ನುತ್ತದೆ, ಆ ಹೊತ್ತಿಗೆ ವಿದ್ಯುತ್ ಹೋದರೆ ಕಡತಗಳೂ ಹೋಗುತ್ತವೆ. ಮರಳಿ ತಯಾರಿಸಬಹುದಾದ ತಾತ್ಕಾಲಿಕ ಕಡತಗಳಿಗಲ್ಲದೆ ಇನ್ನಾವುದಕ್ಕೂ ನಾನು ಇದನ್ನು ಸೂಚಿಸಲಾರೆ. ಖರ್ಚಿಲ್ಲದ ಉಪಾಯವೆಂದರೆ ಎಲ್ಲವನ್ನೂ ಟಾರ್ ಕಡತವೊಂದರಲ್ಲಿ ಕಟ್ಟಿ ಹಾಗೆಯೇ ಇಡುವುದು, ಇಲ್ಲವೇ ಎಂಟು ಹತ್ತು ನಕಲುಗಳನ್ನು ಏಕಕಾಲಕ್ಕೆ ನಡೆಸುವುದು. ಖರ್ಚು ಮಾಡುವುದಾದರೆ, ವಿದ್ಯುತ್ ಕಡಿತವನ್ನು ತಾಳಿಕೊಳ್ಳುವ ಕೆಪಾಸಿಟರ್ ಉಳ್ಳ ಎಸ್‌ಎಸ್‌ಡಿಯೊಂದನ್ನು ಸರ್ವರ್‌ನ ಜರ್ನಲ್‌ಗೆ (ಬದಲಾವಣೆಗಳನ್ನು ಮೊದಲು ದಾಖಲಿಸುವ ಜಾಗಕ್ಕೆ) ಮೀಸಲಿಡಿ.

ಪ್ರಶ್ನೆ: ಜಂಬೋ ಫ್ರೇಮ್ (ಸಾಮಾನ್ಯ 1500 ಬೈಟ್‌ಗಳ ಬದಲು ಸುಮಾರು 9000 ಬೈಟ್‌ಗಳ ಜಾಲ ತುಣುಕು) ಬಳಸಿದರೆ ಎಷ್ಟು ಲಾಭ?

ಉತ್ತರ: ಗಿಗಾಬಿಟ್ ಜಾಲದಲ್ಲಿ ಹೆಚ್ಚೆಂದರೆ ಶೇ. 5ರಷ್ಟು. ದಾರಿಯಲ್ಲಿ ಒಂದು ಸ್ವಿಚ್ 1500 ಬೈಟ್‌ಗೇ ನಿಂತಿದ್ದರೂ ಸಣ್ಣ ಆಜ್ಞೆಗಳು ಸರಿಯಾಗಿ ನಡೆದು, ದೊಡ್ಡ ಕಡತಕೋಶದ ಪಟ್ಟಿ ಕೇಳಿದೊಡನೆ ಎಲ್ಲವೂ ಸ್ತಬ್ಧವಾಗುತ್ತದೆ. ಬಳಸಲೇಬೇಕೆಂದಿದ್ದರೆ, ತುಂಡರಿಸಬಾರದೆಂಬ ಸೂಚನೆಯೊಡನೆ 8972 ಬೈಟ್‌ಗಳ ಪಿಂಗ್ ಎರಡೂ ದಿಕ್ಕಿನಿಂದ ತಲುಪುತ್ತದೆಯೇ ಎಂದು ಮೊದಲು ನೋಡಿ.