ಕೈ ಕಸೂತಿ ಸೀರೆಗೆ ಎಷ್ಟು ರೇಟ್ ಹೇಳ್ಲಿ?

ಪ್ರಶ್ನೆ: ಅಕ್ಕಾರ, ನಾ ಧಾರವಾಡದಾಕಿ, ಮನ್ಯಾಗ ಕೂತು ಇಳಕಲ್ ಸೀರಿಗೆ ಕಸೂತಿ ಹಾಕಿ ಮಾರ್ತೀನ್ರಿ. ಸೀರಿಗೆ 1,800, ದಾರಕ್ಕ 200 ಬೀಳ್ತದ, ಸೆರಗು ಅಂಚು ಎರಡೂ ಮುಗೀಲಿಕ್ಕೆ 60 ತಾಸರೆ ಬೇಕು. 3,500ಕ್ಕ ಕೊಡ್ತೀನಿ, ಅದಕ್ಕೂ ಮಂದಿ ಮಷಿನ್ ಕಸೂತಿದು 1,500ಕ್ಕ ಸಿಗ್ತದಲ್ಲ ಅಂತಾರ. ಈಗ ಒಬ್ಬ ಅಂಗಡಿಯವ್ರು ನಮ್ಮಲ್ಲಿಡ್ರಿ, 30 ಪರ್ಸೆಂಟ್ ಕಮಿಷನ್ ಅಂದಾರ. ಓಣ್ಯಾಗಿನ ಕಾಕೂ ಒಬ್ರ ಆರ್ಡರೂ ಕೈಯಾಗದ. ಎಷ್ಟ್ ಹೇಳಬೇಕ್ರಿ?

ಉತ್ತರ: ತಂಗಿ, ಮೊದಲು ನಿಮ್ಮ ಲೆಕ್ಕಾನೇ ನೋಡಿ. 3,500ರಲ್ಲಿ ಸೀರೆ, ದಾರ ಕಳೆದ್ರೆ ಉಳಿಯೋದು 1,500, ಅಂದ್ರೆ ಗಂಟೆಗೆ ಬರೀ 25 ರೂಪಾಯಿ. ಎಳೆ ಎಣಿಸಿ ಎಣಿಸಿ ಕಣ್ಣು ಸೋಲೋ ಕೆಲಸಕ್ಕೆ ಇದು ಯಾವ ನ್ಯಾಯ? ಗಂಟೆಗೆ 75 ಆದ್ರೂ ಹಾಕಿ, ಅದೂ ಕಮ್ಮೀನೇ ಅಂತೀನಿ, ಆಗ ಕೂಲಿ 4,500, ಸೀರೆ ದಾರ ಸೇರಿ 6,500 ಆಯ್ತು.

ಮಷಿನ್‌ದು ಅಗ್ಗ ಅನ್ನೋರ ಜೊತೆ ವಾದ ಬೇಡ, ಸೆರಗು ತಿರುಗಿಸಿ ತೋರ್ಸಿ. ಗವಂತಿ ಅನ್ನೋ ಕಸೂತಿ ಹೊಲಿಗೇಲಿ ಸೂಜಿ ಒಂದ್ಸಲ ಹೋಗಿ, ಬಿಟ್ಟ ಜಾಗ ತುಂಬ್ಕೊಂಡು ಅದೇ ದಾರೀಲಿ ವಾಪಸ್ ಬರೋದ್ರಿಂದ ಮುಂದೂ ಹಿಂದೂ ಒಂದೇ ಥರ ಇರತ್ತೆ, ಗಂಟು ಹುಡುಕಿದ್ರೂ ಸಿಗಲ್ಲ. ಮಷಿನ್‌ದರ ಹಿಂದೆ ಬಾಬಿನ್ ದಾರ ಬೇರೆ ಕಾಣತ್ತೆ, ಎಷ್ಟೋ ಸಲ ಒಳಗೆ ಕೊಟ್ಟ ಪೇಪರಿನ ಚೂರೂ ಹಾಗೇ ಅಂಟ್ಕೊಂಡಿರತ್ತೆ. ಇಷ್ಟು ನೋಡಿದ್ಮೇಲೂ 1,500ರದ್ದೇ ಸಾಕು ಅನ್ನೋರು ಅದನ್ನೇ ತಗೊಳ್ಳಲಿ ಬಿಡಿ, ಅವರ ಬಜೆಟ್ ಅಷ್ಟು.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸ್ಬಹುದು. ಟೈಮ್‌ಪಾಸ್‌ಗೆ ಹಾಕ್ತೀನಿ, ದಾರದ ದುಡ್ಡು ಬಂದ್ರೆ ಸಾಕು ಅನ್ನೋರು ತುಂಬ ಜನ ಇದಾರೆ, ಕೊನೆಗೆ ಅವರು ಹೇಳಿದ್ದೇ ಊರಿನ ರೇಟ್ ಆಗ್ಬಿಡತ್ತೆ, ಈ ಸೂಜಿಯಿಂದಲೇ ಮಕ್ಕಳ ಫೀಸ್ ಕಟ್ಟೋ ಹೆಣ್ಮಗಳು ಒಂದು ನೂರು ಜಾಸ್ತಿ ಕೇಳಿದ್ರೆ ಎಲ್ಲರೂ ಹುಬ್ಬೇರಿಸ್ತಾರೆ. ನೀವು ಕಮ್ಮಿಗೆ ಕೊಟ್ಟಾಗ ಪೆಟ್ಟು ಅವರಿಗೂ ಬೀಳತ್ತೆ. ಕಸೂತಿಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಭಾಗದ್ದೇ ಕಲೆ ಅನ್ನೋ ಸರ್ಕಾರಿ ಗುರುತು, ಇದೆ ನಿಜ, ಆದ್ರೆ ಅದು ರೇಟ್ ಕಟ್ಟಿಕೊಡಲ್ಲ, ಕಟ್ಟೋರು ನಾವೇ.

ಅಂಗಡಿ ಕಮಿಷನ್ ವಿಷಯದಲ್ಲಿ ತುಂಬಾ ಜನ ಎಡವ್ತಾರೆ. 6,500ಕ್ಕೆ 30 ಪರ್ಸೆಂಟ್ ಸೇರಿಸಿ 8,450 ಅಂತ ಚೀಟಿ ಹಚ್ತಾರೆ, ಅಂಗಡಿಯವರು 30 ಪರ್ಸೆಂಟ್ ಹಿಡ್ಕೊಳ್ಳೋದು 8,450ರ ಮೇಲೆ, ಕೈಗೆ ಬರೋದು 5,915. ಆ 585 ನಿಮ್ಮ ಕೂಲಿಯಿಂದಲೇ ಹೋಯ್ತು. 6,500ನ್ನ 0.7ರಿಂದ ಭಾಗಿಸಿ, ಹತ್ತಿರ ಹತ್ತಿರ 9,300 ಬರತ್ತೆ, ಅದೇ ಚೀಟಿ ರೇಟ್. ಅಷ್ಟಕ್ಕೆ ಸೀರೆ ಹೋಗಲ್ಲ ಅನ್ಸಿದ್ರೆ ಅಂಗಡೀಲಿ ಬ್ಲೌಸ್ ಪೀಸ್, ಪರ್ಸ್ ಇಡಿ, ಸೀರೆ ಮನೆಯಿಂದಲೇ ಮಾರಿ. ಕರಕುಶಲ ಕೆಲಸದವರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಪೆಹಚಾನ್ ಕಾರ್ಡ್, ಇಲ್ದಿದ್ರೆ ಮಾಡಿಸ್ಕೊಳ್ಳಿ, ಸರ್ಕಾರಿ ಕರಕುಶಲ ಮೇಳಗಳಲ್ಲಿ ಸ್ಟಾಲ್ ಕೇಳೋವಾಗ ಬೇಕಾಗತ್ತೆ.

ಯಾರಾದ್ರೂ ನನ್ ಹತ್ರ 4,000 ಅಷ್ಟೇ ಇದೆ ಅಂದ್ರೆ ಗಂಟೆ ರೇಟ್ ಇಳಿಸ್ಬೇಡಿ, ಕೆಲಸ ಇಳಿಸಿ. ಸೆರಗಿಗೆ ತೇರು, ಆನೆ ಅಂಬಾರಿ ಎಲ್ಲ ಬಿಟ್ಟು ಸಣ್ಣ ಗೋಪುರದ ಒಂದು ಸಾಲು, 26 ಗಂಟೇಲಿ ಮುಗಿಯೋ ಅಷ್ಟು.

ಕಾಕೂ ಅವರ ಸೀರೆ ಹಳೇ ರೇಟಿಗೆ ಒಪ್ಪಿದ್ರೆ ಹಳೇ ರೇಟಿಗೇ ಕೊಡಿ, ಮಾತು ಮಾತೇ. ಕೊಡೋವಾಗ ಮುಂದಿನದು 6,500 ಅಂತ ಈಗ್ಲೇ ಹೇಳ್ಬಿಡಿ, ಅವರೇ ಓಣಿಗೆಲ್ಲ ಹೇಳ್ತಾರೆ.